‘ಬೆರಗು’ : ಒಂದು ಪದದ ಅರ್ಥ ಮತ್ತು ಪ್ರಯೋಗ

ಒಂದು ಪದದ ಅರ್ಥವಿಚಾರಕ್ಕೆ ಇತಿಹಾಸದ ಅಧ್ಯಾಪಕರು ಕೈಹಾಕುವುದು ಉಚಿತವೇ ಎಂದು ವಾಚಕರು ಕೇಳಬಹುದು. ಭಾಷಾಶಾಸ್ತ್ರದಲ್ಲಿ ನಮಗೆ ವಿಶೇಷ ಪರಿಶ್ರಮವಿದೆಯೆಂದು ನಾವು ಹೇಳಿಕೊಳ್ಳಲಾರೆವು. ಆದರೆ ಆಕರಗಳನ್ನು ಓದುವವನಿಗೆ ಪದಗಳೇ ಮೊದಲ ಸಾಕ್ಷಿ. ಸಾಕ್ಷಿಯ ಮಾತನ್ನು ತಪ್ಪಾಗಿ ತಿಳಿದರೆ ತೀರ್ಪೂ ತಪ್ಪಾಗುವುದು. ಇಂಥದೊಂದು ತಪ್ಪು ನಮ್ಮಿಂದಲೇ ಘಟಿಸಿದುದು ಈ ಲೇಖನಕ್ಕೆ ಕಾರಣವಾಯಿತು.

ವಿಜಯನಗರಕ್ಕೆ ಬಂದ ವಿದೇಶೀ ಪ್ರವಾಸಿಗಳನ್ನು ಕುರಿತ ಒಂದು ಪ್ರಶ್ನೆಗೆ ಉತ್ತರ ಬರೆಯುತ್ತ ವಿದ್ಯಾರ್ಥಿಯೊಬ್ಬನು, ಅಬ್ದುರ್ ರಜಾಕನು ಪಟ್ಟಣವನ್ನು ಕಂಡು ‘ಬೆಚ್ಚಿ ಬೆರಗಾದನು’ ಎಂದು ಬರೆದಿದ್ದನು. ನಾವು ‘ಬೆಚ್ಚಿ’ ಎಂಬುದರ ಕೆಳಗೆ ಕೆಂಪು ಗೆರೆಯೆಳೆದು, ‘ಇಲ್ಲಿ ಭಯಕ್ಕೆ ಕಾರಣವೇನು?’ ಎಂದು ಅಂಚಿನಲ್ಲಿ ಬರೆದು, ಅರ್ಧ ಅಂಕವನ್ನು ಕಳೆದೆವು. ಉತ್ತರಪತ್ರಿಕೆಗಳನ್ನು ಹಿಂದಿರುಗಿಸಿದ ದಿನ ಅವನು ಬಂದು, “ಸಾರ್, ನಮ್ಮ ಮನೆಯಲ್ಲಿ ಎಲ್ಲರೂ ಬೆಚ್ಚಿ ಬೆರಗಾದೆ ಅಂತಲೇ ಹೇಳುವುದು. ಬೆಚ್ಚದೆ ಬೆರಗಾಗುವುದು ಹೇಗೆ?” ಎಂದು ಕೇಳಿದನು. ಆತನ ಮಾತಿನಲ್ಲಿ ಉದ್ಧಟತನವಿರಲಿಲ್ಲ, ನಿಜವಾದ ಸಂದೇಹವಿತ್ತು. ನಮ್ಮಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಅರ್ಧ ಅಂಕವು ಅಲ್ಪವೇ ಸರಿ. ಆದರೆ ಮನೆಯಲ್ಲಿ ಕಲಿತ ಮಾತೇ ತಪ್ಪೆಂದು ಗುರುಗಳಿಂದ ಕೇಳಿದ ವಿದ್ಯಾರ್ಥಿಯು ಆ ಮಾತನ್ನು ಮುಂದೆ ಬರೆಯುವುದಿಲ್ಲ. ಆದುದರಿಂದ ಈ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿ ಪರಿಶೀಲಿಸುವುದು ನಮ್ಮ ಕರ್ತವ್ಯವೆಂದು ತೋರಿತು.

೧. ವಿಸ್ಮಯವಾಚಕ ಪದಗಳು

ಕನ್ನಡದಲ್ಲಿ ವಿಸ್ಮಯವನ್ನು ಹೇಳುವ ಪದಗಳಿಗೆ ಕೊರತೆಯಿಲ್ಲ. ಆಶ್ಚರ್ಯ, ಅದ್ಭುತ, ವಿಸ್ಮಯ ಎಂಬವು ಸಂಸ್ಕೃತದಿಂದ ನೇರವಾಗಿ ಬಂದವು. ಅಚ್ಚರಿ, ಸೋಜಿಗ ಎಂಬವು ತದ್ಭವಗಳು. ದಂಗಾಗು ಎಂಬಲ್ಲಿಯ ‘ದಂಗು’ ಪಾರಸಿಯಿಂದ ಹಿಂದೂಸ್ಥಾನಿಯ ಮೂಲಕ ಬಂದಿತು. ಬೆರಗು ದೇಶ್ಯಪದ. ಇವೆಲ್ಲವೂ ಒಂದೇ ಅರ್ಥವನ್ನು ಕೊಡುತ್ತವೆಂದು ಮೇಲ್ನೋಟಕ್ಕೆ ತೋರಿದರೂ ಪ್ರತಿಯೊಂದರ ಹುಟ್ಟಿನಲ್ಲಿಯೂ ಬೇರೆ ಬೇರೆ ಅನುಭವವು ಅಡಗಿದೆ.

‘ವಿಸ್ಮಯ’ವು ‘ಸ್ಮಿ’ ಧಾತುವಿನಿಂದ ಬಂದುದು. ಈ ಧಾತುವಿಗೆ ನಗು, ಮುಗುಳ್ನಗು ಎಂಬುದು ಅರ್ಥ. ‘ಸ್ಮಿತ’ ಎಂಬ ಪದವನ್ನು ಕನ್ನಡಿಗರೆಲ್ಲರೂ ಬಲ್ಲರು. ಹಾಗಾದರೆ ವಿಸ್ಮಯವು ಮೂಲತಃ ಮುಖವನ್ನು ಅರಳಿಸುವ ಭಾವ. ‘ಆಶ್ಚರ್ಯ’ದ ವಿಚಾರವು ಇನ್ನೂ ಸ್ವಾರಸ್ಯವಾದುದು. ಪಾಣಿನಿಯು ಅಷ್ಟಾಧ್ಯಾಯಿಯ ಆರನೆಯ ಅಧ್ಯಾಯದಲ್ಲಿ ಈ ಪದದ ರೂಪವನ್ನು ಸಾಧಿಸುತ್ತ, ‘ಅನಿತ್ಯ’ವೆಂಬ ಅರ್ಥದಲ್ಲಿ ಇದು ಸಿದ್ಧವಾಗುತ್ತದೆಂದು ವಿಧಿಸಿದ್ದಾನೆ. ಅನಿತ್ಯವೆಂದರೆ ಇಲ್ಲಿ ನಶ್ವರವಾದುದೆಂದಲ್ಲ. ನಿತ್ಯವೂ ನಡೆಯದುದು, ವಾಡಿಕೆಯಲ್ಲಿಲ್ಲದುದು ಎಂದು. ಈ ಲಕ್ಷಣವನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು. ಮುಂದೆ ಇದರ ಪ್ರಯೋಜನವಿದೆ. ‘ಅಚ್ಚರಿ’ಯು ಇದೇ ಆಶ್ಚರ್ಯವು ಪ್ರಾಕೃತದ ಮೂಲಕ ಕನ್ನಡಕ್ಕೆ ಬಂದ ರೂಪ.

‘ಸೋಜಿಗ’ವು ‘ಚೋದ್ಯ’ದ ತದ್ಭವ. ಉದ್ಯೋಗವು ಉಜ್ಜುಗವಾದಂತೆ, ವಿದ್ಯೆಯು ಬಿಜ್ಜೆಯಾದಂತೆ, ಇಲ್ಲಿಯೂ ದ್ಯಕಾರವು ಜಕಾರವಾಗಿದೆ. ಚೋದ್ಯವೆಂದರೆ ಶಾಸ್ತ್ರಗ್ರಂಥಗಳಲ್ಲಿ ಎತ್ತಬೇಕಾದ ಪ್ರಶ್ನೆ, ಆಕ್ಷೇಪ. ಅದಕ್ಕೆ ಪರಿಹಾರವನ್ನು ಹೇಳುವುದು ವ್ಯಾಖ್ಯಾನಕಾರನ ಕೆಲಸ. ಪ್ರಶ್ನೆಯನ್ನು ಹುಟ್ಟಿಸುವ ಸಂಗತಿಯೇ ಸೋಜಿಗ. ಇಂದಿಗೂ ನಾವು ‘ಸೋಜಿಗವೆಂದರೆ’ ಎಂದು ವಾಕ್ಯವನ್ನು ಆರಂಭಿಸಿದಾಗ, ಮುಂದೆ ಬರುವ ಮಾತಿಗೆ ಕಾರಣವನ್ನು ಹುಡುಕಬೇಕೆಂಬ ಸೂಚನೆ ಅದರಲ್ಲಿ ಇದ್ದೇ ಇರುತ್ತದೆ.

ಹೀಗೆ ಒಂದು ಪದದಲ್ಲಿ ನಗುವೂ, ಇನ್ನೊಂದರಲ್ಲಿ ವಾಡಿಕೆಯ ಭಂಗವೂ, ಮತ್ತೊಂದರಲ್ಲಿ ಪ್ರಶ್ನೆಯೂ ಇರುವುದಾದರೆ, ಬೆರಗಿನಲ್ಲಿ ಏನಿದೆ?

೨. ಬೆರಗಿನ ನೆಂಟರು

ಈ ಪ್ರಶ್ನೆಗೆ ಉತ್ತರವನ್ನು ಬೆರಗಿನ ನೆರೆಹೊರೆಯಲ್ಲಿ ಹುಡುಕಬೇಕು. ಹಳಗನ್ನಡದಲ್ಲಿ ‘ಬೆರ್ಚು’ ಎಂಬ ಕ್ರಿಯಾಪದವುಂಟು. ಹೆದರು, ಬೆದರು ಎಂಬುದು ಅದರ ಅರ್ಥ. ‘ಪೆರ್ಚು’ ಎಂಬುದು ‘ಹೆಚ್ಚು’ ಎಂದೂ ‘ಕರ್ಚು’ ಎಂಬುದು ‘ಕಚ್ಚು’ ಎಂದೂ ಆದಂತೆ ‘ಬೆರ್ಚು’ ಎಂಬುದು ಹೊಸಗನ್ನಡದಲ್ಲಿ ‘ಬೆಚ್ಚು’ ಎಂದಾಯಿತು. ಬೆಚ್ಚಿಬೀಳು ಎಂದು ನಾವು ದಿನವೂ ಆಡುವ ಮಾತು ಇದೇ. ಹಳೆಯ ರೂಪವು ಸಂಪೂರ್ಣವಾಗಿ ಅಳಿದಿಲ್ಲ. ಹೊಲದಲ್ಲಿ ಹಕ್ಕಿಗಳನ್ನು ಹೆದರಿಸಲು ಹಳೆಯ ಅಂಗಿ ತೊಡಿಸಿ ಮಡಕೆಯ ತಲೆಯಿಟ್ಟು ನಿಲ್ಲಿಸುವ ಬೊಂಬೆಯನ್ನು ರೈತರು ‘ಬೆರ್ಚಪ್ಪ’ ಎಂದು ಕರೆಯುತ್ತಾರೆ. ಕಾವ್ಯಗಳಲ್ಲಿ ಹುಡುಕಬೇಕಾದ ರೇಫವು ರಾಗಿಯ ಹೊಲದಲ್ಲಿ ನಿಂತಿರುವುದು ಸೋಜಿಗವೇ.

ತೆಲುಗಿನ ಸಾಕ್ಷ್ಯವು ಇನ್ನೂ ಸ್ಪಷ್ಟವಾಗಿದೆ. ಕನ್ನಡದ ಪದಾದಿಯ ಬಕಾರಕ್ಕೆ ತೆಲುಗು ತಮಿಳುಗಳಲ್ಲಿ ವಕಾರವಿರುವುದು ಪ್ರಸಿದ್ಧವಾದ ನಿಯಮ. ನಮ್ಮ ಬೆಳ್ಳಿಯು ತಮಿಳಿನಲ್ಲಿ ವೆಳ್ಳಿ, ನಮ್ಮ ಬಿಲ್ಲು ಅಲ್ಲಿ ವಿಲ್. ಈ ನಿಯಮದಂತೆ ನಮ್ಮ ‘ಬೆರಗು’ ತೆಲುಗಿನಲ್ಲಿ ‘ವೆರಗು’ ಎಂದಿದೆ, ಅರ್ಥವೂ ಆಶ್ಚರ್ಯವೆಂದೇ. ಅದರ ಪಕ್ಕದಲ್ಲಿಯೇ ‘ವೆರಚು’ ಎಂದರೆ ಹೆದರು, ‘ವೆರಪು’ ಎಂದರೆ ಹೆದರಿಕೆ. ಒಂದೇ ಮನೆಯ ಮಕ್ಕಳಂತೆ ಈ ಮೂರು ಪದಗಳು ಅಲ್ಲಿ ಒಟ್ಟಿಗೆ ಕಾಣಿಸಿಕೊಳ್ಳುತ್ತವೆ. ಕನ್ನಡದ ಬೆರ್ಚು, ಬೆರಗುಗಳ ಸಂಬಂಧವೂ ಇಂಥದೇ ಎಂದು ಹೇಳುವುದರಲ್ಲಿ ದೋಷವಿಲ್ಲ. ಹಾಗಾದರೆ ‘ಬೆಚ್ಚಿ ಬೆರಗಾಗು’ ಎಂಬ ನುಡಿಯಲ್ಲಿ ಒಡಹುಟ್ಟಿದ ಎರಡು ಪದಗಳು ಕೈಹಿಡಿದು ನಿಂತಿವೆ. ನಾವು ಒಂದರ ಕೈಯನ್ನು ಬಿಡಿಸಿ ಅದರ ಕೆಳಗೆ ಕೆಂಪು ಗೆರೆಯೆಳೆದಿದ್ದೆವು.

ಇದರಿಂದ ಬೆರಗಿನ ಸ್ವಭಾವವು ಗೋಚರವಾಗುತ್ತದೆ. ವಿಸ್ಮಯವು ಮುಖವನ್ನು ಅರಳಿಸಿದರೆ ಬೆರಗು ಮೈಯನ್ನು ತಡೆಯುತ್ತದೆ. ಕಂಡ ವಸ್ತುವು ತನಗಿಂತ ದೊಡ್ಡದೆಂಬ ಅರಿವು, ತನ್ನ ಅಳತೆಗೋಲು ಇಲ್ಲಿ ಸಾಲದೆಂಬ ಅಳುಕು ಅದರಲ್ಲಿ ಸೇರಿದೆ.

ಭರತನ ನಾಟ್ಯಶಾಸ್ತ್ರವು ಭಯವನ್ನೂ ವಿಸ್ಮಯವನ್ನೂ ಬೇರೆ ಬೇರೆ ಸ್ಥಾಯಿಭಾವಗಳಾಗಿ ಎಣಿಸಿದೆ. ಭಯದಿಂದ ಭಯಾನಕರಸ, ವಿಸ್ಮಯದಿಂದ ಅದ್ಭುತರಸ. ಅದ್ಭುತಕ್ಕೆ ಹಳದಿಯ ಬಣ್ಣ, ಬ್ರಹ್ಮನು ಅಧಿದೇವತೆ. ವಿಭಾಗವು ಸ್ಪಷ್ಟವಾಗಿದೆ. ಆದರೆ ನಟನ ಮೈಮೇಲೆ ಇವು ತೋರಬೇಕಾದ ಬಗೆಯನ್ನು ನೋಡಿದರೆ, ಸ್ತಂಭ, ಸ್ವೇದ, ರೋಮಾಂಚ ಮೊದಲಾದವು ಎರಡಕ್ಕೂ ಸಮಾನವಾಗಿವೆ. ಶಾಸ್ತ್ರವು ಮನಸ್ಸಿನಲ್ಲಿ ಬೇರ್ಪಡಿಸಿದುದನ್ನು ದೇಹವು ಒಂದಾಗಿಯೇ ಅನುಭವಿಸುತ್ತದೆ. ಭಗವದ್ಗೀತೆಯ ಹನ್ನೊಂದನೆಯ ಅಧ್ಯಾಯದಲ್ಲಿ ವಿಶ್ವರೂಪವನ್ನು ಕಂಡ ಅರ್ಜುನನು ಮೊದಲು ವಿಸ್ಮಿತನಾಗಿ ಪುಳಕಗೊಳ್ಳುತ್ತಾನೆ. ಅದೇ ದರ್ಶನವು ಮುಂದುವರಿದಂತೆ ಭೀತನಾಗಿ, ಮೊದಲಿನ ಸೌಮ್ಯರೂಪವನ್ನೇ ತೋರೆಂದು ಬೇಡುತ್ತಾನೆ. ಈ ಎರಡು ಅವಸ್ಥೆಗಳನ್ನೂ ಒಂದೇ ಪದದಲ್ಲಿ ಹೇಳಬೇಕಾದರೆ ಕನ್ನಡದಲ್ಲಿ ಬೆರಗಿಗಿಂತ ತಕ್ಕ ಪದ ದೊರೆಯಲಾರದು.

ಹನ್ನೆರಡನೆಯ ಶತಮಾನದ ವಚನಕಾರರಲ್ಲಿ, ವಿಶೇಷವಾಗಿ ಅಲ್ಲಮಪ್ರಭುವಿನಲ್ಲಿ, ಈ ಪದವು ಅನುಭಾವದ ಪರಿಭಾಷೆಯೇ ಆಗಿಬಿಟ್ಟಿದೆ. ಅರಿವು ತನ್ನ ಕೊನೆಯನ್ನು ಮುಟ್ಟಿ ಮಾತು ನಿಂತುಹೋಗುವ ನೆಲೆಯನ್ನು ಅಲ್ಲಿ ಬೆರಗೆಂದು ಕರೆಯಲಾಗಿದೆ. ವಿದ್ಯಾರ್ಥಿಗಳು ಇದನ್ನು ‘ಬೆಡಗು’ ಎಂಬುದರೊಡನೆ ಬೆರೆಸಿಕೊಳ್ಳುವುದುಂಟು. ಬೆಡಗು ಒಗಟಿನಂಥ ಮಾತಿನ ರೀತಿ. ಬೆರಗು ಕೇಳಿದವನ, ಕಂಡವನ ಸ್ಥಿತಿ. ಇವೆರಡನ್ನು ಬೇರೆಬೇರೆಯಾಗಿ ತಿಳಿಯುವುದು ಅವಶ್ಯಕ.

೩. ಪ್ರಯೋಗವಿಚಾರ

ಪದದ ಅರ್ಥವು ಅದರ ವಾಕ್ಯರಚನೆಯಲ್ಲಿಯೂ ವ್ಯಕ್ತವಾಗುತ್ತದೆ. ‘ನನಗೆ ಆಶ್ಚರ್ಯವಾಯಿತು’ ಎನ್ನುತ್ತೇವೆ. ಇಲ್ಲಿ ನಾನು ಚತುರ್ಥಿಯಲ್ಲಿದ್ದೇನೆ, ಆಶ್ಚರ್ಯವು ಹೊರಗಿನಿಂದ ಬಂದು ನನಗೆ ಆಗುತ್ತದೆ. ಬೆರಗಿನ ವಿಷಯದಲ್ಲಿಯಾದರೋ ‘ನಾನು ಬೆರಗಾದೆನು’ ಎಂಬುದೇ ಹೆಚ್ಚು ಬಳಕೆಯ ರೂಪ. ನಾನೇ ಕರ್ತೃ, ನಾನೇ ಬೆರಗಾಗಿ ಮಾರ್ಪಡುತ್ತೇನೆ. ‘ಆಶ್ಚರ್ಯಪಡು’ ಎಂಬುದು ರೂಢಿಯಲ್ಲಿದೆ. ‘ಬೆರಗುಪಡು’ ಎಂಬುದು ಕಿವಿಗೆ ಒಗ್ಗುವುದಿಲ್ಲ. ‘ಆಶ್ಚರ್ಯವೆಂದರೆ’, ‘ಸೋಜಿಗವೆಂದರೆ’ ಎಂದು ಮಾತನ್ನು ಆರಂಭಿಸಬಹುದು. ‘ಬೆರಗೆಂದರೆ’ ಎಂದು ಆರಂಭಿಸಿದವರನ್ನು ನಾವು ಕೇಳಿಲ್ಲ. ಮಾತನ್ನು ನಿಲ್ಲಿಸುವ ಪದದಿಂದ ಮಾತನ್ನು ಆರಂಭಿಸುವುದು ಕಷ್ಟವೆಂಬುದನ್ನು ಭಾಷೆಯೇ ಬಲ್ಲದು.

ಭಾವದ ತೀವ್ರತೆಯನ್ನು ಹೆಚ್ಚಿಸಬೇಕಾದಾಗ ‘ನಿಬ್ಬೆರಗು’ ಎನ್ನುತ್ತೇವೆ. ನಿಬ್ಬೆರಗಾದವನು ಸಾಮಾನ್ಯವಾಗಿ ‘ನಿಲ್ಲು’ತ್ತಾನೆ, ನಿಬ್ಬೆರಗಾಗಿ ಓಡಿದನು ಎಂದರೆ ನಗೆಗೀಡಾಗುವುದು. ‘ಬೆಕ್ಕಸಬೆರಗು’ ಎಂಬುದು ಸಮಾನಾರ್ಥದ ಎರಡು ಪದಗಳನ್ನು ಜೋಡಿಸಿದ ನುಡಿ. ‘ಬೆರಗುಗಣ್ಣು’ ಎಂಬ ಸಮಾಸವು ಮಕ್ಕಳ ವಿಷಯದಲ್ಲಿ ಹೆಚ್ಚಾಗಿ ಬಳಕೆಯಾಗುತ್ತದೆ; ಲೋಕವು ಇನ್ನೂ ವಾಡಿಕೆಯಾಗದವರ ಕಣ್ಣಿಗೆ ಅದು ತಕ್ಕ ವಿಶೇಷಣ. ಮೂಗಿನ ಮೇಲೆ ಬೆರಳಿಡುವುದು, ಹುಬ್ಬೇರಿಸುವುದು, ಬಾಯಿಬಿಟ್ಟು ನೋಡುವುದು ಇವು ಇದೇ ಭಾವದ ಅಂಗಾಭಿನಯಗಳು. ಮೂಗಿನ ಮೇಲೆ ಬೆರಳಿಡುವುದರಲ್ಲಿ ಸ್ವಲ್ಪ ಆಕ್ಷೇಪಣೆಯೂ ಸೇರಿರುವುದರಿಂದ ಅದನ್ನು ಶುದ್ಧವಾದ ಬೆರಗೆಂದು ಹೇಳಲಾಗದು.

ಬೆರಗು ಭಾವದ ಹೆಸರು. ಅದರ ಉದ್ಗಾರ ‘ಅಬ್ಬಾ’, ‘ಅಬ್ಬಬ್ಬಾ’. ವ್ಯಾಕರಣದಲ್ಲಿ ಇದನ್ನು ಭಾವಸೂಚಕಾವ್ಯಯವೆಂದು ಕರೆಯುತ್ತಾರೆ. ಉತ್ತರ ಕರ್ನಾಟಕದಲ್ಲಿ ‘ಯಪ್ಪಾ’, ‘ಯವ್ವಾ’ ಎನ್ನುವರು. ನಮ್ಮ ಕಡೆ ‘ಅಪ್ಪಾ’, ‘ಅಮ್ಮಾ’ ಎಂಬವೂ ಉಂಟು. ಇವುಗಳಲ್ಲಿ ಹಲವು ತಂದೆತಾಯಿಯರನ್ನು ಕರೆಯುವ ಮಾತುಗಳೇ ಆಗಿರುವುದನ್ನು ಗಮನಿಸಬೇಕು. ಮುಳ್ಳು ಚುಚ್ಚಿದಾಗಲೂ ಹಾವು ಕಂಡಾಗಲೂ ಕರೆಯುವುದು ಅವರನ್ನೇ. ಎತ್ತರದ ಗೋಪುರವನ್ನು ಕಂಡಾಗ ಕರೆಯುವುದೂ ಅವರನ್ನೇ. ಹೆದರಿಕೆಗೂ ಬೆರಗಿಗೂ ಬಾಯಿಯಿಂದ ಹೊರಡುವ ಕೂಗು ಒಂದೇ ಆಗಿರುವುದು ನಾವು ಮೇಲೆ ಹೇಳಿದ ಸಂಬಂಧಕ್ಕೆ ಇನ್ನೊಂದು ಆಧಾರ.

೪. ಗೋವಿಂದರಾಜನಗರದಲ್ಲಿ ಕಂಡುದು

ಬೆಂಗಳೂರಿನ ಪಶ್ಚಿಮಭಾಗದಲ್ಲಿರುವ ಗೋವಿಂದರಾಜನಗರದಲ್ಲಿ ನಾವು ವಾಸಿಸುತ್ತಿದ್ದೇವೆ. ಮಾಗಡಿ ರಸ್ತೆಗೆ ಸಮೀಪವಾದ ಈ ಬಡಾವಣೆಯಲ್ಲಿ ಕನ್ನಡದೊಡನೆ ತೆಲುಗು, ತಮಿಳು, ಉರ್ದು ಮಾತುಗಳೂ ಕಿವಿಗೆ ಬೀಳುತ್ತವೆ. ಪದಗಳನ್ನು ಕೋಶದಲ್ಲಿ ನೋಡಿದ ಮೇಲೆ ಜನರ ಬಾಯಲ್ಲಿಯೂ ಕೇಳಬೇಕೆಂದು ಕೆಲವು ದಿನ ಕಿವಿಗೊಟ್ಟು ನಡೆದಾಡಿದೆವು.

ಒಂದು ಸಂಜೆ ನೆರೆಮನೆಯ ಅಜ್ಜಿಯೊಬ್ಬರು ಬಹುದಿನಗಳ ಮೇಲೆ ಕಂಡ ಕೂಸನ್ನು ಎತ್ತಿಕೊಂಡು, “ಅಬ್ಬಾ, ಎಷ್ಟು ಬೆಳೆದುಬಿಟ್ಟಿದೆಯಮ್ಮಾ ಕೂಸು!” ಎಂದರು. ಎಂದವರೇ ನಾಲಗೆ ಕಚ್ಚಿಕೊಂಡು, “ನನ್ನ ಕಣ್ಣೇ ತಾಗೀತು, ದೃಷ್ಟಿ ತೆಗೆದುಬಿಡು” ಎಂದು ತಾಯಿಗೆ ಹೇಳಿದರು. ದೀಪ ಹೊತ್ತಿಸುವ ವೇಳೆಗೆ ಆ ಮನೆಯಲ್ಲಿ ಉಪ್ಪು ಮೆಣಸಿನಕಾಯಿಗಳನ್ನು ನೀವಾಳಿಸಿದ ಘಾಟು ಬೀದಿಗೆ ಬಂದಿತು. ಅದೇ ಬೀದಿಯಲ್ಲಿ ಕಟ್ಟುತ್ತಿರುವ ಮನೆಯೊಂದರ ಮುಂದೆ ದೃಷ್ಟಿಬೊಂಬೆಯನ್ನು ತೂಗುಹಾಕಿದ್ದರು. ನೋಡುವವರ ಬೆರಗು ಕಟ್ಟಡಕ್ಕೆ ತಗುಲದಿರಲೆಂಬುದು ಅದರ ಉದ್ದೇಶ. ಹೊಲದಲ್ಲಿ ಬೆರ್ಚಪ್ಪನು ಹಕ್ಕಿಗಳನ್ನು ಬೆಚ್ಚಿಸುತ್ತಾನೆ; ನಗರದಲ್ಲಿ ಅವನ ಈ ದಾಯಾದಿಯು ಬೆರಗಾದ ಕಣ್ಣುಗಳನ್ನು ಬೆಚ್ಚಿಸುತ್ತಾನೆ. ಈ ಆಚಾರವನ್ನು ನಂಬುವುದು ಬಿಡುವುದು ಅವರವರ ಇಚ್ಛೆ. ಬೆರಗಿನ ಬೆನ್ನಿಗೆ ಅಂಜಿಕೆಯಿದೆಯೆಂಬ ಹಳೆಯ ತಿಳಿವಳಿಕೆಯು ಪದದಲ್ಲಿ ಮಾಸಿದ್ದರೂ ಆಚಾರದಲ್ಲಿ ಉಳಿದಿದೆಯೆಂಬುದಷ್ಟೇ ನಮ್ಮ ಅಭಿಪ್ರಾಯ.

ಇನ್ನೊಂದು ನಿದರ್ಶನ. 2015ರ ನವೆಂಬರಿನಲ್ಲಿ ಮಾಗಡಿ ರಸ್ತೆಯಿಂದ ಮೈಸೂರು ರಸ್ತೆಯವರೆಗೆ, ಹೊಸಹಳ್ಳಿ, ವಿಜಯನಗರ, ಅತ್ತಿಗುಪ್ಪೆಗಳ ಮೇಲೆ ಮೆಟ್ರೋ ರೈಲು ಸಂಚರಿಸತೊಡಗಿದಾಗ, ಕಂಬಗಳ ಮೇಲೆ ಓಡುವ ಬಂಡಿಯನ್ನು ಜನರು ರಸ್ತೆಯಲ್ಲಿ ನಿಂತು ನೋಡುತ್ತಿದ್ದರು. ಇಂದು ಅದೇ ಬಂಡಿ ತಲೆಯ ಮೇಲೆ ಹೋದರೂ ತರಕಾರಿಯನ್ನು ಆರಿಸುವವರು ಕತ್ತೆತ್ತುವುದಿಲ್ಲ. ಬಂಡಿಯು ಬದಲಾಗಿಲ್ಲ, ಅನಿತ್ಯವಾದುದು ನಿತ್ಯವಾಯಿತು, ಅಷ್ಟೆ. ಪಾಣಿನಿಯ ಲಕ್ಷಣಕ್ಕೆ ಇದಕ್ಕಿಂತ ಉತ್ತಮವಾದ ವ್ಯಾಖ್ಯಾನ ಬೇಕಾಗಿಲ್ಲ.

ಇಂದಿನ ತರುಣರ ಬಾಯಲ್ಲಿ ಈ ಎಲ್ಲ ಪದಗಳ ಸ್ಥಾನವನ್ನೂ ‘ಶಾಕ್’ ಎಂಬ ಒಂದೇ ಪದವು ಆಕ್ರಮಿಸುತ್ತಿರುವುದನ್ನೂ ಕಂಡೆವು. ಶಿವನಸಮುದ್ರದ ವಿದ್ಯುತ್ತು 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ವಿದ್ಯುತ್ತಿನ ಹೊಡೆತಕ್ಕೆ ನಮ್ಮ ಜನರು ಇಟ್ಟುಕೊಂಡ ಹೆಸರು ಈಗ ಮನಸ್ಸಿನ ಹೊಡೆತಕ್ಕೂ ಸಲ್ಲುತ್ತಿದೆ. 2025ರ ಫೆಬ್ರವರಿಯಲ್ಲಿ ಮೆಟ್ರೋ ದರ ಏರಿದುದೂ ಶಾಕ್, ಗೆಳೆಯನು ಹೇಳದೆ ಮನೆಗೆ ಬಂದುದೂ ಶಾಕ್, ಆಪ್ತರ ಮರಣವಾರ್ತೆಯೂ ಶಾಕ್. ಪರಭಾಷೆಯ ಪದವೆಂದು ಇದನ್ನು ನಾವು ಹಳಿಯುವುದಿಲ್ಲ; ಪಾರಸಿಯ ‘ದಂಗು’ ಬಂದು ನಮ್ಮದಾಗಲಿಲ್ಲವೇ? ನಮ್ಮ ಚಿಂತೆ ಬೇರೆ. ಈ ಪದವು ಹೊಡೆತ ಬಿದ್ದುದನ್ನು ಮಾತ್ರ ಹೇಳುತ್ತದೆ. ನಕ್ಕುದೋ, ಪ್ರಶ್ನೆ ಹುಟ್ಟಿದುದೋ, ತಾನು ಚಿಕ್ಕವನೆಂದು ಅನಿಸಿದುದೋ ಹೇಳುವುದಿಲ್ಲ. ಇದು ಬರಲಿ, ಆದರೆ ಇದು ಬಂದಿತೆಂದು ಉಳಿದವರು ಮನೆ ಬಿಡಬೇಕಾಗಿಲ್ಲ.

೫. ಇತಿಹಾಸದ ಓದಿಗೆ ಇದರಿಂದಾಗುವ ಪ್ರಯೋಜನ

ಇನ್ನು ನಮ್ಮ ವಿದ್ಯಾರ್ಥಿಯ ಉತ್ತರಕ್ಕೆ ಹಿಂದಿರುಗೋಣ. ಹೆರಾತಿನ ಶಾರುಖನ ರಾಯಭಾರಿಯಾದ ಅಬ್ದುರ್ ರಜಾಕನು 1443ರಲ್ಲಿ, ಇಮ್ಮಡಿ ದೇವರಾಯನ ಕಾಲದಲ್ಲಿ, ವಿಜಯನಗರವನ್ನು ಕಂಡನು. ಇಂಥ ಪಟ್ಟಣವನ್ನು ತಾನು ಕಂಡೂ ಇಲ್ಲ ಕೇಳಿಯೂ ಇಲ್ಲವೆಂಬ ಭಾವವನ್ನು ವ್ಯಕ್ತಪಡಿಸಿ, ಒಂದರೊಳಗೊಂದು ಇರುವ ಏಳು ಕೋಟೆಗಳನ್ನೂ ಬಯಲಂಗಡಿಯಲ್ಲಿ ಮಾಣಿಕ್ಯ, ಮುತ್ತು, ವಜ್ರಗಳನ್ನು ಮಾರುವುದನ್ನೂ ವರ್ಣಿಸಿದನು. ಸುಮಾರು 1520ರಲ್ಲಿ, ಕೃಷ್ಣದೇವರಾಯನ ಆಳಿಕೆಯಲ್ಲಿ, ಬಂದ ಪೋರ್ತುಗೀಸ ಡೊಮಿಂಗೊ ಪಾಯಸನು ಪಟ್ಟಣದ ವಿಸ್ತಾರವನ್ನು ರೋಮಿಗೆ ಹೋಲಿಸಿದನು. ರಾಬರ್ಟ್ ಸೂವೆಲ್ ಎಂಬ ಅಧಿಕಾರಿ 1900ರಲ್ಲಿ ಪ್ರಕಟಿಸಿದ ಗ್ರಂಥದ ಮೂಲಕ ಪಾಯಸನ ಬರಹವು ಇಂಗ್ಲಿಷ್ ಓದುಗರಿಗೆ ಲಭ್ಯವಾಯಿತು. ವಿಜಯನಗರವೆಂದೂ ಹಂಪಿನಗರವೆಂದೂ ಬಡಾವಣೆಗಳಿಗೆ ಹೆಸರಿಟ್ಟುಕೊಂಡಿರುವ ನಮ್ಮ ಭಾಗದ ಜನರು ಈ ಬರಹಗಳ ಬೆರಗನ್ನು ಇಂದಿಗೂ ಹೆಮ್ಮೆಯಿಂದ ಸ್ಮರಿಸುತ್ತಾರೆ.

ಆದರೆ ಬೆರಗು ಯಾವುದಕ್ಕೆ ಸಾಕ್ಷಿ? ಪಟ್ಟಣದ ಗಾತ್ರಕ್ಕೆ ಅದು ಅಳತೆಯಲ್ಲ. ನೋಡಿದವನ ವಾಡಿಕೆಗೆ ಅದು ಅಳತೆ. ಹೆರಾತಿನ ವೈಭವವನ್ನು ಬಲ್ಲವನು ಬೆರಗಾದನೆಂಬುದಕ್ಕೆ, ಪಟ್ಟಣವನ್ನೇ ಕಾಣದವನು ಬೆರಗಾದನೆಂಬುದಕ್ಕಿಂತ ಹೆಚ್ಚು ಬೆಲೆಯಿದೆ. ರತ್ನಗಳು ಬಯಲಿನಲ್ಲಿ ಮಾರಾಟವಾಗುತ್ತಿದ್ದುದನ್ನು ಅವನು ಬರೆದಿಟ್ಟನೆಂದರೆ ಅದು ಅವನಿಗೆ ನಿತ್ಯವಲ್ಲದ ನೋಟವೆಂದು ತಿಳಿಯುತ್ತದೆ. ಆ ಬೀದಿಯಲ್ಲಿಯೇ ಹುಟ್ಟಿ ಬೆಳೆದವನಿಗೆ ಅದು ಬರೆದಿಡತಕ್ಕ ವಿಷಯವೆಂದೇ ತೋರಿರಲಾರದು. ಸ್ಥಳೀಯ ಶಾಸನಗಳು ಹೆಚ್ಚಾಗಿ ದಾನವನ್ನೂ ಎಲ್ಲೆಯನ್ನೂ ತೆರಿಗೆಯನ್ನೂ ಹೇಳುತ್ತವೆ. ದಿನದಿನದ ಬೀದಿಯ ನೋಟಕ್ಕೆ ನಾವು ಪರಕೀಯರ ಬೆರಗನ್ನು ಆಶ್ರಯಿಸಬೇಕಾಗಿದೆ. ಆದುದರಿಂದ ಪ್ರವಾಸಿಯು ಬೆರಗಾದ ಪ್ರತಿಯೊಂದು ಸ್ಥಳದಲ್ಲಿಯೂ ಎರಡು ಪ್ರಶ್ನೆಗಳನ್ನು ಕೇಳಬೇಕು: ಕಂಡುದು ಏನು? ಕಾಣುವವನಿಗೆ ಅದಕ್ಕೆ ಮೊದಲು ವಾಡಿಕೆಯಾಗಿದ್ದುದು ಏನು? ಎರಡನೆಯದನ್ನು ಬಿಟ್ಟರೆ ಇತಿಹಾಸವು ಹೊಗಳಿಕೆಯ ಪಟ್ಟಿಯಾಗುವುದು.

ಹೀಗಿರಲು ಕೆಂಪು ಗೆರೆಯ ವಿಚಾರವಾಗಿ ನಮ್ಮ ನಿರ್ಣಯವಿಷ್ಟು. ರಾಯಭಾರಿಯು ಪಟ್ಟಣವನ್ನು ಕಂಡು ಪ್ರಾಣಭಯಪಟ್ಟನೆಂಬ ಅರ್ಥವನ್ನು ಯಾರಾದರೂ ಹೇಳಿದ್ದರೆ ಅದು ಆಕರಕ್ಕೆ ವಿರುದ್ಧವಾಗುತ್ತಿತ್ತು. ವಿದ್ಯಾರ್ಥಿಯು ಹಾಗೆ ಹೇಳಿರಲಿಲ್ಲ. ತನ್ನ ಅಳತೆಗೋಲು ಸಾಲದಾದಾಗ ಮನುಷ್ಯನಿಗಾಗುವ ಸ್ಥಿತಿಯನ್ನು ಆತನು ತನ್ನ ಮನೆಯ ಮಾತಿನಲ್ಲಿ, ಶತಮಾನಗಳಿಂದ ಜೊತೆಯಾಗಿ ನಡೆದುಬಂದ ಎರಡು ಪದಗಳಲ್ಲಿ ಹೇಳಿದ್ದನು. ತಪ್ಪು ನಮ್ಮದೇ. ಆತನನ್ನು ಕರೆದು ಕಾರಣವನ್ನು ವಿವರಿಸಿ, ಅರ್ಧ ಅಂಕವನ್ನು ಹಿಂದಿರುಗಿಸಿ, ಅಂಚಿನ ಪ್ರಶ್ನೆಯನ್ನು ಹೊಡೆದುಹಾಕಿದೆವು. “ಹಾಗಾದರೆ ಬೆರ್ಚಪ್ಪನೂ ಇದೇ ಪದವೇ ಸಾರ್?” ಎಂದು ಕೇಳಿ ಆತನು ಕಣ್ಣರಳಿಸಿದನು. ಹೌದೆಂದೆವು.